ಗವರ್ನರ್ ಮೇಲೆ ನಾನು ಹೊರಿಸಿದ ಸುಳ್ಳು

ದೇಶದ ಕೇಂದ್ರ ಬ್ಯಾಂಕಿನ ಗವರ್ನರ್ ಒಬ್ಬರು ಹುದ್ದೆಯಿಂದ ಇಳಿದಾಗ, ಅವರ ಬಡ್ಡಿನೀತಿಯನ್ನು ಅಳೆಯುವ ಪತ್ರಿಕಾ ಲೇಖನದಲ್ಲಿ ನಾನು ಸುಳ್ಳು ಬರೆದೆ. ತಿಳಿಯದೆ ಆದ ತಪ್ಪಲ್ಲ — ತಿಳಿದೇ ಬರೆದದ್ದು.

ಆಗ ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕ. ಬೆಲೆಯೇರಿಕೆ ತಡೆಯಲು ಆ ಗವರ್ನರ್ ಬಡ್ಡಿ ಏರಿಸುತ್ತಲೇ ಹೋದರು. ಅದರಿಂದ ಸಣ್ಣ ಕಸುಬುಗಳು ಮುಳುಗಿದವು ಎಂಬ ತೀರ್ಪನ್ನು ಮೊದಲೇ ಬರೆದಿಟ್ಟಿದ್ದೆ. ಬೇಕಿದ್ದದ್ದು ಒಬ್ಬ ಸಾಕ್ಷಿ ಮಾತ್ರ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ನಡೆಸಿ, ಆಗಷ್ಟೇ ಮುಚ್ಚಿದ್ದ ಹಸೀನಾ ಬೇಗಂ ಅವರನ್ನು ಹುಡುಕಿಕೊಂಡು ಹೋದೆ.

ಟೀ ಕೊಟ್ಟು ನೇರವಾಗಿ ಹೇಳಿದರು: “ಬಡ್ಡಿ ಜಾಸ್ತಿಯಾಗಿದ್ದು ನಿಜ ಸಾರ್. ಆದ್ರೆ ಅದಕ್ಕೆ ಮುಚ್ಚಲಿಲ್ಲ. ಗೂಡು ಬೇಯಿಸೋ ಹೊಗೆಗೆ ನಮ್ಮ ಯಜಮಾನ್ರಿಗೆ ಉಸಿರು ಹಿಡಿತಿತ್ತು. ಅವರು ಹುಷಾರಾದ್ಮೇಲೆ ತಿರ್ಗಾ ಶುರು ಮಾಡ್ತೀನಿ. ಬೇಳೆ, ಎಣ್ಣೆ ರೇಟು ಏರೋದು ನಿಂತಿದ್ದು ನಮಗೆ ಒಳ್ಳೇದೇ ಆಯ್ತು.”

ಎಲ್ಲವನ್ನೂ ಬರೆದುಕೊಂಡೆ. ಲೇಖನದಲ್ಲಿ ಬಂದದ್ದು ಮಾತ್ರ — “ಬಡ್ಡಿಯ ಭಾರಕ್ಕೆ ಹಸೀನಾ ಬೇಗಂ ದಿವಾಳಿಯಾದರು.”

ಅವರೊಡನೆ ಪಾಲುದಾರರಾಗಿ ಘಟಕ ತೆರೆಯಬೇಕಿದ್ದ ವ್ಯಾಪಾರಿ ಅದನ್ನೋದಿ ಹಿಂದೆ ಸರಿದರು. ಹಸೀನಾ ಫೋನ್ ಮಾಡಿದರು. “ಸಾರ್, ನಾನು ಹಾಗೆ ಹೇಳಿದ್ನಾ?”

ಆಗಲಾದರೂ — ಒಂದು ತಿದ್ದುಪಡಿ ಸಾಕಿತ್ತು. “ಇಲ್ಲಮ್ಮ,” ಎಂದೆ, “ಪೇಪರ್‌ನೋರು ತಿದ್ದಿಬಿಟ್ಟಿದಾರೆ.”

ಆ ಲೇಖನ ನನಗೆ ಹೆಸರು ತಂದಿತು. ನಿವೃತ್ತಿಯವರೆಗೂ ಅದನ್ನು ತರಗತಿಯಲ್ಲಿ ಓದಿಸಿದೆ. ಈ ವರ್ಷ, ಅದೇ ಗವರ್ನರ್ ಬಗ್ಗೆ ಪ್ರಬಂಧ ಬರೆಯುತ್ತಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಂಡಿಕಲ್‌ನಿಂದ ಫೋನ್ ಮಾಡಿದಳು: “ಸಾರ್, ಆ ಹಸೀನಾ ಬೇಗಂ ನಂಬರ್ ಕೊಡ್ತೀರಾ? ನಾನೂ ಒಂದ್ಸಲ ಮಾತಾಡ್ತೀನಿ.”

ಅವಳಿಗಿಂತ ಮೊದಲು ನಾನೇ ಶಿಡ್ಲಘಟ್ಟಕ್ಕೆ ಹೋದೆ. ಹಸೀನಾ ಅವರ ಯಜಮಾನರು ತೀರಿಕೊಂಡಿದ್ದರು. ಹಸೀನಾ ಈಗ ಬೇರೆಯವರ ಘಟಕದಲ್ಲಿ ಕೂಲಿಗೆ ನೂಲು ತೆಗೆಯುತ್ತಿದ್ದರು. ಬಿಸಿನೀರಿನಲ್ಲಿ ನೆನೆದು ಬೆರಳುಗಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವು. ನಾನು ಎಲ್ಲವನ್ನೂ ಹೇಳಿದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡರು.

“ಇಷ್ಟು ವರ್ಷ ಆ ಪೇಪರ್‌ನೋರನ್ನ ಬೈಕೊಂಡೆನಲ್ಲ ಸಾರ್. ಪಾಪ.”

ನನ್ನನ್ನು ಬೈದಿದ್ದರೆ… ಇರಲಿ. ನಿಜವನ್ನು ಅದೇ ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದೆ. “ಬರೀರಿ. ಈ ಸಲ ಮೊದ್ಲು ನನಗೆ ಓದಿ ಹೇಳಿ.”

ಆ ಗವರ್ನರ್ ಅಷ್ಟು ಕಠಿಣವಾಗಬೇಕಿತ್ತೇ? ನನಗೆ ಈಗಲೂ ಅನುಮಾನವಿದೆ. ಬಡ್ಡಿಗೆ ನಿಜವಾಗಿಯೇ ಸೋತವರೂ ಇದ್ದಿರಬಹುದು — ಅವರನ್ನು ನಾನು ಹುಡುಕಲೇ ಇಲ್ಲ.

ಇಂದು ಬೆಳಿಗ್ಗೆ ಇದಿಷ್ಟನ್ನೂ ಹಸೀನಾ ಅವರಿಗೆ ಓದಿ ಹೇಳಿದೆ. ಕೊನೆಯಲ್ಲಿ, ‘ಅವರು ನನ್ನನ್ನು ಕ್ಷಮಿಸಿದರು’ ಎಂದು ಬರೆದಿದ್ದೆ.

“ಅದನ್ನ ನಾನು ಹೇಳಿಲ್ಲ ಸಾರ್,” ಎಂದರು.

ಆ ಸಾಲನ್ನು ಹೊಡೆದುಹಾಕಿದ್ದೇನೆ.