ಸತ್ಯವ್ವನ ಕೈಯ ಉರಿ

ಇದನ್ನು ಹೇಳುವುದನ್ನು ನಾನು ವರ್ಷಗಟ್ಟಲೆ ಮುಂದೂಡುತ್ತ ಬಂದಿದ್ದೇನೆ. ಯೋಹಾನಪ್ಪನವರ ಬಗ್ಗೆ ಯಾರಾದರೂ ಕೇಳಿದರೆ ಅವರ ಹಳೆಯ ಸೈಕಲ್ಲು, ನಶ್ಯದ ಡಬ್ಬಿ, ಓಣಿಗೆಲ್ಲ ಕೇಳುವ ಹಾಡು, ಇಷ್ಟನ್ನೇ ಹೇಳಿ ನಗಿಸಿ ಎದ್ದುಬಿಡುತ್ತಿದ್ದೆ. ಅವರ ಬಲಗೈಯ ಮಾತನ್ನು ಎತ್ತುತ್ತಿರಲಿಲ್ಲ. ಎತ್ತಿದರೆ ಅದರ ಹಿಂದೆಯೇ ನನ್ನ ಮಾತೂ ಬರುತ್ತದೆ.

ಗಂಗಾವತಿಯ ನಮ್ಮ ಸಣ್ಣ ಕ್ರೈಸ್ತ ಸಭೆಗೆ ಅವರು ಉಪದೇಶಿ. ನಾನು ಕಾಲುವೆಯ ತೂಬು ನೋಡಿಕೊಳ್ಳುವ ನೌಕರ. ಅವರ ಹೆಂಡತಿ ಸತ್ಯವ್ವನಿಗೆ ಎಳೆವಯಸ್ಸಿನಲ್ಲಿ ಕುಷ್ಠ ಬಂದು ಗುಳಿಗೆಯಿಂದ ವಾಸಿಯಾಗಿತ್ತು. ಆದರೆ ಕೈಕಾಲಿನ ಬೆರಳುಗಳಿಗೆ ಸ್ಪರ್ಶ ಮರಳಿರಲಿಲ್ಲ. ಕೆಂಡ ಹಿಡಿದರೂ ಆಕೆಗೆ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ಯೋಹಾನಪ್ಪನವರಿಗೆ.

ನನ್ನ ಮದುವೆಯ ದಿನವೇ ಅದನ್ನು ಕಂಡೆ. ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮಿಬ್ಬರನ್ನು ಮುಂದೆ ನಿಲ್ಲಿಸಿಕೊಂಡು ಉಪದೇಶ ಮಾಡುತ್ತಿದ್ದರು: "ಗಂಡಾ ಹೆಣ್ತಿ ಇಬ್ರಲ್ಲ, ಒಂದ ಮೈ. ಕ್ರಿಸ್ತ ತನ್ನ ಸಭಾಕ್ಕಾಗಿ ಜೀವಾ ಕೊಟ್ಟ. ನಿಮಗ ಜೀವಾ ಕೊಡ್ರಿ ಅನ್ನಂಗಿಲ್ಲ. ಮೊದಲ ಆಕೀಗೆ ಒಂದ ತಂಬಗಿ ನೀರು ತಂದುಕೊಡ್ರಿ, ನೋಡೂಣು." ಹೆಂಗಸರು ಸೆರಗಿನಲ್ಲಿ ನಕ್ಕರು. ಅಷ್ಟರಲ್ಲಿ ಅವರು ಬಲಗೈ ಜಾಡಿಸಿ, "ಸತ್ಯವ್ವಾ, ಕೈ ತಗೀ!" ಎಂದು ಚೀರಿ ಹೊರಗೆ ಓಡಿದರು. ನಾವೂ ಹಿಂದೆ ಹೋದೆವು. ಗೋಡೆಯ ಆಚೆ, ಮದುವೆಯ ಅಡಿಗೆಯ ಒಲೆಯ ಮುಂದೆ, ಸತ್ಯವ್ವ ಕೊಪ್ಪರಿಗೆಯ ಅಂಚನ್ನು ಬರಿಗೈಯಲ್ಲಿ ಹಿಡಿದು ಯಾರೊಡನೆಯೋ ನಗುತ್ತ ನಿಂತಿದ್ದಳು.

ಊಟದ ಪಂಕ್ತಿಯಲ್ಲಿ ನನ್ನ ಸೋದರಮಾವ ಕೆಣಕಿದ: "ಅಪ್ಪಾರ, ಅವ್ವಾರು ಉಂಡ್ರ ನಿಮ್ಮ ಹೊಟ್ಟಿ ತುಂಬತೈತೇನ್ರಿ?"

"ಅಷ್ಟ ಆಗಿದ್ರ ಛಲೋ ಇತ್ತಲ್ಲೋ. ಆಕಿ ಭಾಳ ಉಣ್ಣಾಕಿ," ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಅವರ ಅಂಗೈ ಕಾಣುತ್ತಿತ್ತು. ಅಲ್ಲಿ ಕೊಪ್ಪರಿಗೆಯ ಅಂಚಿನಷ್ಟೇ ದಪ್ಪದ ಕೆಂಪು ಗೆರೆ ಎದ್ದಿತ್ತು. ನಾನು ನೋಡಿದ್ದು ತಿಳಿದು ಅದನ್ನು ಧೋತರದಲ್ಲಿ ಮುಚ್ಚಿಕೊಂಡರು.

ಪ್ರತಿ ಸಂಜೆ ಬೋಗುಣಿಯ ನೀರಿನಲ್ಲಿ ಸತ್ಯವ್ವನ ಪಾದ ನೆನೆಸಿ, ಒಂದೊಂದು ಬೆರಳನ್ನೂ ತಿರುವಿ ಮುಳ್ಳು, ಬಿರುಕು ಹುಡುಕಿ, ಎಣ್ಣೆ ಹಚ್ಚುತ್ತಿದ್ದರು. ಜಗಲಿಯಲ್ಲಿ, ಹಾದುಹೋಗುವವರ ಎದುರಿಗೇ. ಗಂಡಸು ಹೆಂಡತಿಯ ಕಾಲು ಹಿಡಿಯುವುದೇ ಎಂದು ಆಡಿಕೊಂಡರೆ, "ನನ್ನ ಕಾಲು ನಾ ತೊಳಕೊಂಡ್ರ ನಿಮಗ್ಯಾಕ ತ್ರಾಸು?" ಎನ್ನುತ್ತಿದ್ದರು.

ಮದುವೆಯಾದ ಮೂರನೆಯ ವರ್ಷ ನನ್ನ ಹೆಂಡತಿಯ ಎಡ ಮೊಣಕೈಯಲ್ಲಿ ತಿಳಿಬಣ್ಣದ ಮಚ್ಚೆ ಕಂಡಿತು. ಸೂಜಿ ತಾಗಿಸಿದರೆ ಆಕೆಗೆ ತಿಳಿಯಲಿಲ್ಲ. ಗುಳಿಗೆ ತಪ್ಪಿಸದಿದ್ದರೆ ಹೋಗುತ್ತದೆ, ಮನೆಯಲ್ಲೇ ಇರಲಿ ಎಂದರು ಕೊಪ್ಪಳದ ಡಾಕ್ಟರು. ಮನೆಗೆ ಬಂದವನೇ ಆಕೆಯ ತಾಟು ಬೇರೆ ಇಟ್ಟೆ. ವಾರದೊಳಗೆ, ಹತ್ತು ದಿನ ಇದ್ದು ಬಾ ಎಂದು ಬೇವೂರಿನ ತವರಿಗೆ ಬಸ್ಸು ಹತ್ತಿಸಿದೆ. ಕಿಟಕಿಯಿಂದ ಆಕೆ, "ಕರಿಯಾಕ ನೀವ ಬರ್ತೀರಿ, ಹೌದಲ್ರಿ?" ಎಂದಳು. ಹೂಂ ಎಂದೆ.

ತಿಂಗಳ ಮೇಲೆ ಯೋಹಾನಪ್ಪನವರು ಮನೆಗೆ ಬಂದರು.

"ಮಗಳೆಲ್ಲಿ ಅದಾಳೋ ತಮ್ಮಾ?"

"ತವರಿಗೆ ಹೋಗ್ಯಾಳ್ರಿ ಅಪ್ಪಾರ."

"ಹೋಗ್ಯಾಳೋ, ಕಳಿಸೀಯೋ?"

"ಆಕೀಗೇ ಹೋಗೂ ಮನಸಿತ್ರಿ."

ಅವರು ನನ್ನ ಎಡ ಮೊಣಕೈಯನ್ನು ಹೆಬ್ಬೆರಳಿನಿಂದ ಒತ್ತಿದರು. ಮಚ್ಚೆಯ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಇಲ್ಲೇನರ ಅನಸತೈತೇನು?"

"ಏನೂ ಇಲ್ರಿ."

"ಅಯ್ಯೋ ಕೂಸ," ಎಂದಷ್ಟೇ ಹೇಳಿ ಸೈಕಲ್ಲು ಹತ್ತಿದರು.

ನಾನು ಹೆಂಡತಿಯನ್ನು ಕರೆಯಲು ಹೋಗದೆಯೇ ವರ್ಷಗಳು ಕಳೆದವು. ಸತ್ಯವ್ವ ತೀರಿಕೊಂಡ ಮೇಲೆ ಯೋಹಾನಪ್ಪನವರನ್ನು ನೋಡಲು ಹೋದೆ. ನಾನೇ ಚಹಾ ಕಾಸಿ, ಲೋಟವನ್ನು ಹಳೆಯ ಸೀರೆಯ ತುಂಡಿನಲ್ಲಿ ಹಿಡಿದು ತಂದು ಕೊಟ್ಟೆ. ಅವರು ಬರಿಗೈಯಲ್ಲಿ ಅಪ್ಪಿ ಹಿಡಿದರು. ಆವಿ ಏಳುತ್ತಿತ್ತು, ಬೆರಳು ಕೆಂಪಗಾಗುತ್ತಿದ್ದವು, ಅವರು ಸುಮ್ಮನೆ ಕುಳಿತಿದ್ದರು.

"ಅಪ್ಪಾರ, ಸುಡತೈತ್ರಿ!"

"ಹೌದೇನು?" ಬೆರಳುಗಳನ್ನು ಬೇರೆ ಯಾರವೋ ಎಂಬಂತೆ ನೋಡಿಕೊಂಡರು. "ಆಕಿ ಹೋದ ದಿನದಿಂದ ಗೊತ್ತಾಗವಲ್ದು. ಡಾಕ್ಟರು ರೋಗ ಇಲ್ಲ ಅಂತಾರ." ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಹೆಣ್ತಿ ಇನ್ನ ಬದುಕ್ಯಾಳ. ಹೋಗಿ ತಪ್ಪಾತು ಅನ್ನು."

"ನಾಳೆ ಹೋಗ್ತೀನ್ರಿ."

"ಈಗ ಬೇವೂರಿಗೆ ಹೋಗೂ ಯಲಬುರ್ಗಾ ಬಸ್ಸು ಐತಿ. ಏಳು."

ಹೋದೆ. ಬೇವೂರಿನಲ್ಲಿ ಮಧ್ಯಾಹ್ನದ ಬಿಸಿಲು. ಆಕೆ ಅಣ್ಣನ ಮನೆಯ ಅಂಗಳದಲ್ಲಿ ನನಗೆ ಬೆನ್ನು ಮಾಡಿ ಜೋಳ ಕೇರುತ್ತಿದ್ದಳು. ರೋಗ ವಾಸಿಯಾಗಿ ವರ್ಷಗಳಾಗಿದ್ದವು. ನಾನು ಓಣಿಯ ತುದಿಯಲ್ಲಿ ಕೆರ ಕಳಚಿ ಕೈಯಲ್ಲಿ ಹಿಡಿದು ನಿಂತಿದ್ದೆ, ಸಪ್ಪಳವಾಗುವಂತಿರಲಿಲ್ಲ. ಆಕೆಯ ಕೈಯ ಮೊರ ನಿಂತಿತು. ತಿರುಗದೆಯೇ ಕೇಳಿದಳು:

"ಬಂದ್ರೇನ್ರಿ?"

ಬಂದ ಹಾದಿಯಲ್ಲೇ ಬರಿಗಾಲಲ್ಲಿ ಬಸ್ಸಿಗೆ ನಡೆದೆ.

ಆ ವಾರದಲ್ಲೇ ಯೋಹಾನಪ್ಪನವರು ತೀರಿಕೊಂಡರು. ಏನಂದಳು ಎಂದು ಕೇಳುವವರು ಉಳಿಯಲಿಲ್ಲ. ಆಕೆ ಅಣ್ಣನ ಮನೆಯಲ್ಲೇ ಮುದುಕಿಯಾಗಿ, ಕಳೆದ ವರ್ಷ ಮಣ್ಣಾದಳು. ತಪ್ಪಾಯಿತು ಎಂದು ನಾನು ಹೇಳಬೇಕಾಗಿದ್ದುದು ಆಕೆಗೆ. ನನ್ನ ಹೆಂಡತಿ ರೂತಮ್ಮನಿಗೆ.