ಕುರುಗೋಡಿನ ಗೋದಾಮಿಗೆ ನಾನು ಆರಿಸಿದ ಕೆಂಪು

ಟಿವಿ ಹಚ್ಚುವ ಹೊತ್ತಿಗೆ ಕರೆಂಟು ಹೋಗಬಹುದಿತ್ತು. ನಮ್ಮ ಸಾಹುಕಾರರು ಬಂದು ಕೂತ ಗಳಿಗೆಗೇ ಇಂಟರ್ನೆಟ್ಟು ಕೈಕೊಡಬಹುದಿತ್ತು. ಟಿವಿಗೆ ಚುಚ್ಚುವ ವೈರು ಮನೆಯಲ್ಲೇ ಉಳಿಯಬಹುದಿತ್ತು. ಅದಕ್ಕೇ ಎರಡು ತಂದಿದ್ದೆ, ಎರಡೂ ಸತ್ತಿರಬಹುದಿತ್ತು. ಸಿರುಗುಪ್ಪದ ಲೆಕ್ಕ ಹೋಗಿ ಕುರುಗೋಡಿನ ಹೆಸರಿನ ಕೆಳಗೆ ಕೂತಿರಬಹುದಿತ್ತು. ಮಾತಿನ ನಡುವೆ ನನಗೆ ಬಿಕ್ಕಳಿಕೆ ಹತ್ತಬಹುದಿತ್ತು. ಇದಕ್ಕೆ ನಗಬೇಡಿ, ನನ್ನ ಮದುವೆಯಲ್ಲಿ ಆಗಿದೆ.

ಇದ್ಯಾವುದೂ ಆಗಲಿಲ್ಲ.

ನಾನಿರುವುದು ಬಳ್ಳಾರಿಯ ಒಂದು ಒಣಮೆಣಸಿನಕಾಯಿ ವ್ಯಾಪಾರದ ಆಫೀಸಿನಲ್ಲಿ. ಗೋದಾಮುಗಳು ಸಿರುಗುಪ್ಪದಲ್ಲೊಂದು, ಕುರುಗೋಡಿನಲ್ಲೊಂದು. ಆ ವಾರ ಕಾಲವಲ್ಲದ ಕಾಲದಲ್ಲಿ ಮೋಡ ಕವಿದು, ಕುರುಗೋಡಿನ ಮಾಲು ತೇವ ಹಿಡಿದಿತ್ತು. ಅಲ್ಲಿ ಗೋದಾಮು ನೋಡಿಕೊಳ್ಳುವವರನ್ನು ನಾವೆಲ್ಲ ಚಾಚಾ ಎನ್ನುತ್ತೇವೆ. ನೆಲಕ್ಕೆ ಹಾಸಲು ತಾಡಪತ್ರಿ, ಆಳು ಕಳಿಸಿ, ಬಿಸಿಲಿಗೆ ಹರಡದಿದ್ದರೆ ಬೂಷ್ಟು ಹಿಡಿಯುತ್ತದೆ ಎಂದು ಅವರು ಫೋನಿನಲ್ಲಿ ಗೋಗರೆಯುತ್ತಿದ್ದರು. ಸಾಹುಕಾರರು, "ಆ ಮನಷ್ಯಾಂದು ದಿನಾ ಅದ ಗೋಳು," ಎಂದು ಫೋನಿಡುತ್ತಿದ್ದರು. ಮಾಲು ಕೆಟ್ಟರೆ ಮಾತ್ರ ಬೈಗುಳ ಬೀಳುವುದು ಚಾಚಾನಿಗೇ.

"ತಮ್ಮಾ, ನನ್ನ ಮಾತು ಕೇಳಂಗಿಲ್ಲ ಅವ್ರು," ಎಂದರು ಚಾಚಾ ನನಗೆ. "ನಿನ್ನ ಟಿವಿ ಮಾತಾದ್ರೂ ಕೇಳ್ತಾರೇನು ನೋಡು."

ಟಿವಿ ಎಂದರೆ ಆಫೀಸಿನ ಟಿವಿಯಲ್ಲಿ ತೋರಿಸಲು ಹೊಸದಾಗಿ ತಂದ ಡ್ಯಾಶ್‌ಬೋರ್ಡ್. ಗೋದಾಮುಗಳಿಂದ ಬಂದ ತೇವದ ಅಂಕಿ ಅದರಲ್ಲಿ ಬಣ್ಣದ ಚೌಕವಾಗುತ್ತದೆ. ಅಂಕಿ ಬೇಡ, ಬಣ್ಣ ಸಾಕು ಎಂದು ಸಾಹುಕಾರರ ಅಪ್ಪಣೆ. ಒಣಗಿದ್ದಕ್ಕೆ ಹಸಿರು, ತೇವಕ್ಕೆ ಕೆಂಪು ಎಂದು ನಾನೇ ಆರಿಸಿದೆ. ಎಷ್ಟು ಹೊತ್ತಿನ ಕೆಲಸ?

ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಹಿನ್ನೆಲೆಯ ಬಣ್ಣ ಬದಲಿಸಿದರೆ ಏನೂ ಆಗಲಿಲ್ಲ. ಚೌಕಕ್ಕೊಂದು ಹಿನ್ನೆಲೆ, ಪುಟಕ್ಕೊಂದು ಹಿನ್ನೆಲೆ ಇದೆಯಂತೆ, ನಾನು ಬಳಿದದ್ದು ಹಿಂದೆ ಅಡಗಿದ್ದಕ್ಕೆ. ಊರ ಹೆಸರು ದೊಡ್ಡದು ಮಾಡಿದರೆ "ಕುರುಗೋ" ಎಂದು ನಿಂತು ಪಕ್ಕದಲ್ಲಿ ಮೂರು ಚುಕ್ಕಿ. ಚೌಕ ಅಗಲ ಮಾಡಿದರೆ ಹೆಸರು ಮತ್ತೆ ಇರುವೆಯಷ್ಟು. "ಆಟೋ" ಎಂಬ ಗುಂಡಿ ಎಲ್ಲೋ ಒತ್ತಿಕೊಂಡೇ ಇದ್ದು, ನಾನು ಹೇಳಿದ್ದನ್ನೆಲ್ಲ ನಮ್ಮ ಮನೆಯವರಂತೆ ಕೇಳಿಸಿಕೊಂಡು ತನಗೆ ತೋಚಿದ್ದೇ ಮಾಡುತ್ತಿತ್ತು. ಕಡೆಗೆ ಹೆಸರು ಪೂರ್ತಿ ಬಂತು, ಆದರೆ ಯಾವ ಬಣ್ಣಕ್ಕೆ ಏನರ್ಥ ಎಂದು ಬರೆದಿದ್ದ ಸಾಲು ಹೊರಗೆ ಹೋಯಿತು. ಹೋಗಲಿ ಬಿಡು, ಕೆಂಪು ಎಂದರೆ ಅಪಾಯವೆಂದು ಮಕ್ಕಳಿಗೂ ಗೊತ್ತು ಅಂದುಕೊಂಡೆ.

ಆ ಕೆಂಪಿಗಾಗಿ ಪಟ್ಟ ಪಾಡು ಬೇರೆ. ಬಣ್ಣದ ಚಕ್ರದಲ್ಲಿ ಚುಕ್ಕಿ ಕೂದಲಿನಷ್ಟು ಸರಿದರೆ ರೋಸ್ ಮಿಲ್ಕು, ಇನ್ನಷ್ಟು ಸರಿದರೆ ಇಟ್ಟಿಗೆ. ಕೊನೆಗೊಂದು ತುಂಬು ಕೆಂಪು ಸಿಕ್ಕಿತು. ನೋಡಿದರೆ ಕಣ್ಣು ತಣ್ಣಗಾಗುತ್ತಿತ್ತು. ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಒಳ್ಳೆಯ ಬಿಸಿಲು. ಒಂದು ಗೋದಾಮಿಗಾಗುವಷ್ಟು ತಾಡಪತ್ರಿ ಹೊತ್ತ ಲಾರಿ ಆಫೀಸಿನ ಮುಂದೆ ನಿಂತಿತ್ತು. ಚಾಚಾ ಮೊದಲ ಬಸ್ಸಿಗೇ ಬಂದಿದ್ದರು. ಟಿವಿ ಹಚ್ಚಿದೆ. ಸಾಹುಕಾರರು ದಿಟ್ಟಿಸಿ ನೋಡಿದರು, ಮುಖ ಅರಳಿತು.

"ಆಹಾ! ಕುರುಗೋಡಿನ ಮಾಲು ಏನ್ ಚಂದ ಐತಪಾ! ಸುಮ್ಮಸುಮ್ಮಕ ಅಳ್ತೀಯಲ್ಲೋ ಚಾಚಾ?" ಎಂದವರೇ ಕಿಟಕಿಯಲ್ಲಿ ಕೂಗಿದರು: "ಏಯ್, ಗಾಡಿ ಸಿರುಗುಪ್ಪಕ್ಕ ಬಿಡು! ಅಲ್ಲಿ ಕಾಯಿ ಇನ್ನೂ ಹಸಿರ ಐತಿ!"

ಲಾರಿ ಹೋಯಿತು. ಚಾಚಾ ನನ್ನತ್ತ ತಿರುಗಿದರು. "ಶಾಬಾಸ್ ತಮ್ಮಾ. ನಾನಾದ್ರ ಬರೀ ಅಳ್ತಿದ್ದೆ, ನೀ ಮುಳುಗಿಸೇ ಬಿಟ್ಟಿ."

ಕೆಂಪು ಎಂದರೆ ತೇವ ಎಂದು ನಾನು ತಡವರಿಸಿ ವಿವರಿಸಿದೆ. ಸಾಹುಕಾರರು ನನ್ನನ್ನು ಹುಚ್ಚನಂತೆ ನೋಡಿದರು. "ಹುಟ್ಟಿದಾಗಿಂದ ಕೆಂಪು ನೋಡಿ ರೇಟ್ ಹೆಚ್ಗಿ ಕೊಟ್ಟಾಂವ ನಾನು. ಮೆಣಸಿನಕಾಯಿ ಅಂಗಡ್ಯಾಗ ಕುಂತು ಕೆಂಪು ಕೆಟ್ಟದ್ದು ಅಂತೀಯಲ್ಲಪಾ, ನಿನಗ ಪಗಾರ ಕೊಡೋರು ಯಾರು?"

ಚಾಚಾ ತಮ್ಮ ಜೇಬಿನಿಂದ ಕುರುಗೋಡಿನ ಒಂದು ಹಿಡಿ ಕಾಯಿ ತೆಗೆದು ಮೇಜಿನ ಮೇಲೆ ಸುರಿದರು. ಸಾಹುಕಾರರು ಒಂದನ್ನು ಮುರಿದರು. ಪಟ್ಟನೆ ಮುರಿಯಬೇಕಾದದ್ದು ಮೆತ್ತಗೆ ಬಾಗಿತು. ಮೂಸಿ ನೋಡಿ, ಡ್ರೈವರನಿಗೆ ಫೋನು ಹಚ್ಚಿದರು.

ಲಾರಿ ತಿರುಗಿ ಮಧ್ಯಾಹ್ನದೊಳಗೆ ಕುರುಗೋಡು ಮುಟ್ಟಿತು. ಸಂಜೆ ಚಾಚಾ ಫೋನು ಮಾಡಿ, ಕಾಯಿ ಒಣಗಿ ಸದ್ದು ಮಾಡಾಕತ್ತೈತಿ ಎಂದರು. ನನ್ನ ಕೆಂಪಿನಿಂದ ಆದ ನಷ್ಟ ಇಷ್ಟೇ: ಲಾರಿ ಬರುತ್ತದೆಂದು ಮೊದಲೇ ಸುದ್ದಿ ಹೋಗಿದ್ದರಿಂದ, ಸಿರುಗುಪ್ಪದ ಗೋದಾಮಿನಲ್ಲಿ ಕೆಲಸಕ್ಕಿರುವ ಹೆಣ್ಣುಮಕ್ಕಳು ಚೆನ್ನಾಗಿ ಒಣಗಿದ್ದ ಒಂದು ಚೀಲ ಕಾಯಿಯನ್ನು ಅಂಗಳಕ್ಕೆ ಸುರಿದು, ನನ್ನನ್ನು ಬೈಯುತ್ತಾ ಮತ್ತೆ ತುಂಬಿಟ್ಟರು.