ಅಳಿಯನ ಜಳಕಕ್ಕೆ ಕೆಂಪು ನೀರು

ಕುಕನೂರಿನ ಕಂಚುಗಾರ, ನಾವು ದುರಸ್ತಿಗೆ ಕೊಟ್ಟಿದ್ದ ಹಂಡೆಯ ತಳಕ್ಕೆ ತಾಮ್ರದ ಬದಲು ಕಬ್ಬಿಣದ ತೇಪೆ ಬಡಿದಿರಬಹುದು. ಹಂಡೆಯನ್ನೇ ಬದಲಿಸಿ ಕೊಟ್ಟಿರಬಹುದು. ಬಾವಿಯ ಸವುಳು ನೀರು ಲೋಹವನ್ನು ತಿಂದಿರಬಹುದು. ಯಾರೋ ಒಳಗೆ ಹಳೆಯ ಮೊಳೆ ಹಾಕಿರಬಹುದು. ಅಥವಾ ಹೆಂಡತಿಯ ತವರಿನವರು ನಮ್ಮ ಮದುವೆಯಲ್ಲಿ ಕೊಟ್ಟದ್ದೇ ತಾಮ್ರದ ವೇಷ ಹಾಕಿದ ಕಬ್ಬಿಣ ಇರಬಹುದು. ಈ ಕೊನೆಯದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಮುಖ ಹೇಳಿಬಿಟ್ಟಿತು.

ಮಗಳ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಗಂಗಾವತಿಯಿಂದ ಯಲಬುರ್ಗಿಗೆ ಬಂದಿದ್ದ ಅಳಿಯ, ಬೆಳಗಿನ ಎಣ್ಣೆಶಾಸ್ತ್ರ ಮುಗಿಸಿ ಬಚ್ಚಲ ಮಣೆಯ ಮೇಲೆ ಕುಳಿತಿದ್ದರು. ನಾನು ಬಚ್ಚಲ ಹೊರಗಿನ ಒಲೆಯ ಮೇಲಿದ್ದ ಹಂಡೆಯಿಂದ ತಂಬಿಗೆ ಎತ್ತಿದರೆ ನೀರು ಕೆಂಪಗೆ! ಹೊಸ ಅಳಿಯನ ತಲೆಗೆ ತುಕ್ಕಿನ ನೀರು ಸುರಿದರೆ, ಅತ್ತೆಮನೆಯಲ್ಲಿ ಜೀವಮಾನವಿಡೀ ಆ ಮಾತು ಕೇಳಬೇಕಾದವಳು ನನ್ನ ಮಗಳು.

"ಜಂಗ ಹಿಡದೈತಿ," ಎಂದೆ.

"ನಮ್ಮಪ್ಪ ಕೊಟ್ಟ ತಾಮ್ರದ ಹಂಡೇವು ಅದು," ಎಂದಳು ಹೆಂಡತಿ. "ತಾಮ್ರಕ್ಕೆಲ್ಲಿ ಜಂಗ ಹಿಡೀತೈತ್ರಿ?"

"ಹಂಗಾರ ಆ ಕಂಚಗಾರನ ಕೆಲಸಾ."

"ನಿಮಗ ಕಂಚಗಾರಾನೂ ಕಳ್ಳ, ಬಾವೀನೂ ಕಳ್ಳ, ನಮ್ಮಪ್ಪಾನೂ ಕಳ್ಳ. ಊರಾಗ ನೀವೊಬ್ರ ಸಾಚಾ!"

ಬಚ್ಚಲಿನಿಂದ ಅಳಿಯನ ದನಿ ಬಂತು: "ಮಾಮಾರ, ಎಣ್ಣಿ ಕಣ್ಣಾಗ ಇಳ್ಯಾಕತ್ತೈತ್ರಿ. ಬಾವೀಗೇ ಹೋಗಿಬರ್ಲೇನ್ರಿ?"

"ಅಯ್ಯ, ಕುಂದರ್ರಿ ಕುಂದರ್ರಿ! ಒಂದೀಟ ಒಲಿ ಕೈಕೊಟ್ಟೈತಿ," ಎಂದು ಸುಳ್ಳು ಹೇಳಿದೆ.

ಕೆಂಡ ಎಳೆದು, ನೀರನ್ನೆಲ್ಲ ಕೊಡಗಳಿಗೆ ತೋಡಿ ಹಾಕಿ, ಹಂಡೆ ತುಸು ಆರಿದ ಮೇಲೆ ಒಳಗೆ ತೋಳು ಇಳಿಸಿ ತೇಪೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದೆ. ಕಬ್ಬಿಣವಾಗಿದ್ದರೆ ಹುಣಸೆ ಕಪ್ಪಗಾಗಬೇಕು. ಆಗಲಿಲ್ಲ, ತೇಪೆ ಹೊಸ ತಾಮ್ರದಂತೆ ಹೊಳೆಯಿತು. ನನಗೆ ಸಮಾಧಾನವಾಗಬೇಕಿತ್ತು, ಬೇಸರವಾಯಿತು. ಕಂಚುಗಾರನಿಗೆ ಹೇಳಲು ಎರಡು ಖಡಕ್ ಮಾತು ಆಗಲೇ ಕೂಡಿಸಿಟ್ಟುಕೊಂಡಿದ್ದೆ. ಪಕ್ಕವನ್ನೂ ತಿಕ್ಕಿದೆ, ಕಂಠವನ್ನೂ ತಡವಿದೆ. ಎಲ್ಲೂ ತೂತಿಲ್ಲ, ಮೊಳೆಯಿಲ್ಲ, ಕಿಲುಬೂ ಇಲ್ಲ.

ಅಷ್ಟರಲ್ಲಿ ನನ್ನ ತೋಳಿನ ಮೇಲೆ ಒಂದು ಕೆಂಪು ಹನಿ ಬಿತ್ತು. ಮೇಲಿನಿಂದ. ಹಂಡೆಯ ಬಾಯಿಯ ಒಳಅಂಚಿಗೆ ಬೆರಳು ಒರೆಸಿ ಮೂಸಿ ನೋಡಿದೆ. ಮಣ್ಣಿನ ವಾಸನೆ.

ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಕೆಂಪಾದ ಬೆರಳನ್ನು ತೋರಿಸಿದೆ. ಅವಳು ಸೆರಗಿನ ತುದಿ ಕಚ್ಚಿಕೊಂಡಳು.

"ನಿನ್ನೆ ನೀರ ತುಂಬೋ ಹಬ್ಬಕ್ಕ ಅವ್ವ ಹಂಡೇವಿನ ಹೊರಗಷ್ಟ ಸುಣ್ಣ ಕೆಮ್ಮಣ್ಣ ಬಳದಿದ್ಲಪ್ಪಾ," ಎಂದಳು ಮೆಲ್ಲಗೆ. "ನೀರ ತೊಗೊಳ್ಳಾಗ ಅವ್ರಿಗೂ ಚಂದ ಕಾಣ್ಲಿ ಅಂತ ನಾ ಒಳಗೂ ಒಂದ ಎಳಿ ಎಳದಿದ್ದೆ."